ನೂರಡಿ ದೂರದ ‘ಟಕ್’

ಶಿರಾದ ನಿಯಾಜ್ ಸಾಹೇಬರ ಮೈಕ್‌ಸೆಟ್ ಕೂಗುವುದಿಲ್ಲ ಎನ್ನುವುದು ಸುತ್ತಿನ ನಾಲ್ಕು ತಾಲ್ಲೂಕಿಗೆ ಗೊತ್ತಿರುವ ಸಂಗತಿ. ಕೂಗುವುದೆಂದರೆ, ಭಾಷಣಕಾರ ಬಾಯಿ ತೆರೆಯುವ ಮೊದಲೇ ಮೈಕು ‘ಕುಂಯ್’ ಎಂದು ಕಿರುಚಿ ಸಭೆಯವರೆಲ್ಲ ಕಿವಿ ಮುಚ್ಚಿಕೊಳ್ಳುವಂತೆ ಮಾಡುತ್ತದಲ್ಲ, ಅದು. ಮದುವೆ, ಉರುಸು, ಗಣೇಶನ ಪೆಂಡಾಲು, ಯಾವ ಪಕ್ಷದ್ದಾದರೂ ಸರಿ ಚುನಾವಣೆ ಸಭೆ, ಎಲ್ಲಕ್ಕೂ ಸಾಹೇಬರ ಸ್ಪೀಕರು ಪೆಟ್ಟಿಗೆಗಳೇ ಆಗಬೇಕು. ಮೂವತ್ತು ವರ್ಷದಲ್ಲಿ ಒಂದೇ ಒಂದು ಸಲ ಕೂಗಿತ್ತು. ಅವತ್ತು ಮೈಕಿನ ತಲೆಯನ್ನು ಐಸ್‌ಕ್ರೀಮಿನ ಹಾಗೆ ಮುಷ್ಟಿಯಲ್ಲಿ ಹಿಡಿದುಕೊಂಡದ್ದು ಮುಖ್ಯ ಅತಿಥಿಗಳ ತಪ್ಪು, ಆದ್ದರಿಂದ ಅದು ಲೆಕ್ಕಕ್ಕಿಲ್ಲ ಎಂದು ಸಾಹೇಬರೇ ತೀರ್ಪು ಕೊಟ್ಟುಕೊಂಡಿದ್ದಾರೆ.

ಇಂಥ ಮನುಷ್ಯನ ಹೆಮ್ಮೆಯ ಮೇಲೆ ಇನ್ನೊಂದು ಮಹಡಿ ಎಬ್ಬಿಸಿದವಳು ಮಗಳು ಐಮನ್. ಮೈಸೂರಿನಲ್ಲಿ ಮನಶ್ಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. “ಓಹೋ, ಹುಚ್ಚರ ಡಾಕ್ಟ್ರಾ?” ಎಂದು ಕೇಳಿದವರ ಮೇಲೆ ಸಾಹೇಬರಿಗೆ ಮೂಗಿನ ತುದಿಗೇ ಕೋಪ. “ಹುಚ್ಚರದ್ದಲ್ಲ ರೀ, ನಿಮ್ಮ ನಮ್ಮಂಥೋರದ್ದು! ಸೆಕೆಂಡನ್ನ ಸಾವಿರ ತುಂಡು ಮಾಡಿ, ಕಣ್ಣಿಗೆ ಕಂಡಿದ್ದು ಮೊದಲಾ ಕಿವಿಗೆ ಕೇಳಿದ್ದು ಮೊದಲಾ ಅಂತ ಅಳೀತಾಳೆ.” ಕೇಳಿದವರು ಅದರಿಂದ ಏನು ಉಪಯೋಗ ಎಂದು ಕೇಳುವ ಮೊದಲೇ ಸಾಹೇಬರು ಚಹಾ ತರಿಸಿ ಮಾತು ಬೇರೆ ಕಡೆ ತಿರುಗಿಸುತ್ತಿದ್ದರು, ಯಾಕೆಂದರೆ ಅದು ಅವರಿಗೂ ಪೂರ್ತಿ ಗೊತ್ತಿರಲಿಲ್ಲ.

ಕೆಲಸ ಇಷ್ಟು. ಕಂಪ್ಯೂಟರಿನ ಪರದೆಯ ಮೇಲೆ ಒಂದು ಬಿಳಿ ಚುಕ್ಕೆ ಮಿಂಚುತ್ತದೆ, ಜೊತೆಗೆ ‘ಟಕ್’ ಎಂದು ಒಂದು ಸದ್ದು. ಒಮ್ಮೆ ಎರಡೂ ಒಟ್ಟಿಗೆ, ಒಮ್ಮೆ ಸದ್ದು ಕೂದಲೆಳೆಯಷ್ಟು ಮುಂದೆ, ಒಮ್ಮೆ ಹಿಂದೆ. ಎದುರು ಕೂತವರು ಒಟ್ಟಿಗೆ ಅನ್ನಿಸಿದರೆ ಹಸಿರು ಗುಂಡಿ, ಬೇರೆಬೇರೆ ಅನ್ನಿಸಿದರೆ ಕೆಂಪು ಗುಂಡಿ ಒತ್ತಬೇಕು. ಮೈಸೂರಿನ ಕಾಲೇಜು ಹುಡುಗರ ಮೇಲೆ ಇದನ್ನು ಮಾಡಿ ಮುಗಿಸಿದ ಐಮನ್, ಹುಟ್ಟಿದಾಗಿನಿಂದ ಸುತ್ತಿಗೆಯ ಸದ್ದಿನಲ್ಲೇ ಬೆಳೆದವರ ಕಣ್ಣು ಕಿವಿ ಹೇಗಿರುತ್ತವೆ ಎಂದು ನೋಡಲು ಮಧುಗಿರಿ ಬೆಟ್ಟದ ಬೆನ್ನಿಗಿರುವ ಒಂದು ಊರಿಗೆ ಬಂದಳು. ಅಲ್ಲಿ ಮನೆಗೊಬ್ಬ ಕಲ್ಲುಕುಟಿಗ.

ಅವಳ ಅನುಮಾನದ ಬುದ್ಧಿಯನ್ನು ಕಂಡು ಸಾಹೇಬರಿಗೇ ಬೆರಗು. ಪರದೆಯ ಬೆಳಕು ತಾನು ಹೇಳಿದ ಹೊತ್ತಿಗೇ ಬರುತ್ತದೆಂದು ಅವಳು ನಂಬುತ್ತಿರಲಿಲ್ಲ. “ಪರದೆ ಸೆಕೆಂಡಿಗೆ ಅರವತ್ತು ಸಲ ಮಾತ್ರ ಹೊಸದಾಗಿ ಬರೆದುಕೊಳ್ಳುತ್ತೆ ಅಬ್ಬಾ. ಒಂದು ಸರದಿ ತಪ್ಪಿದ್ರೆ ಚುಕ್ಕೆ ಮುಂದಿನ ಸರದಿಗೆ ಕಾಯಬೇಕು. ಬಸ್ ತಪ್ಪಿದ ಹಾಗೆ” ಎಂದು ಅಪ್ಪನಿಗೆ ಹೇಳಿ, ಬೆಳಕು ಹಿಡಿಯುವ ಒಂದು ಪುಟ್ಟ ಕಣ್ಣನ್ನೂ ಸದ್ದು ಹಿಡಿಯುವ ಒಂದು ಪುಟ್ಟ ಮೈಕನ್ನೂ ಪರದೆಗೆ ಅಂಟಿಸಿ ಆರು ಸಲ ಅಳೆದಳು. ಆದರೆ ಊರಿಗೆ ಬಂದ ಮೇಲೆ ಬೇರೆಯೇ ತೊಂದರೆ. ನಲವತ್ತು ವರ್ಷ ಬಂಡೆ ಒಡೆದ ಕಿವಿಗಳಿಗೆ ಅವಳು ತಂದಿದ್ದ ಅಂಗೈಯಗಲದ ಸ್ಪೀಕರಿನ ‘ಟಕ್’ ಕೇಳಿಸಲೇ ಇಲ್ಲ. ಮಗಳ ಫೋನು ಬಂತು. ಕೊರಟಗೆರೆಯಲ್ಲಿ ಒಂದು ಕಾಲೇಜಿನ ವಾರ್ಷಿಕೋತ್ಸವ ಮುಗಿಸಿ ಹಿಂದಿನ ದಿನವಷ್ಟೇ ಬಂದಿದ್ದ ಸಾಹೇಬರು, ತಮ್ಮ ಹತ್ತು ಪೆಟ್ಟಿಗೆಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು ಓಮ್ನಿಗೆ ಏರಿಸಿಕೊಂಡು, ತಿಂಡಿಯನ್ನೂ ತಿನ್ನದೆ ಮಧುಗಿರಿಯ ದಾರಿ ಹಿಡಿದರು. ಮಗಳ ಪಿಎಚ್.ಡಿ.ಗೆ ತಮ್ಮ ಪೆಟ್ಟಿಗೆ! ಹೆಂಡತಿ ನಾಹಿದಾ ಗೇಟಿನವರೆಗೆ ಓಡಿ ಬಂದು ಕೊಟ್ಟ ರೊಟ್ಟಿಯ ಡಬ್ಬಿ ಅವರ ಕೈಗೆ ಸಿಕ್ಕಿದ್ದೇ ಹೆಚ್ಚು.

ಆ ಪೆಟ್ಟಿಗೆಯಿಂದ ಸದ್ದು ಹೊಮ್ಮಿತು. ಇಪ್ಪತ್ತನಾಲ್ಕು ಜನ ಕಲ್ಲುಕುಟಿಗರು ಊರಿನ ಸಮುದಾಯ ಭವನದಲ್ಲಿ ಒಬ್ಬೊಬ್ಬರಾಗಿ ಕೂತು ಗುಂಡಿ ಒತ್ತಿದರು. ಫಲಿತಾಂಶ ನೋಡಿದ ಐಮನ್ ಕುಣಿದಾಡಿಬಿಟ್ಟಳು. ಕಾಲೇಜು ಹುಡುಗರಂತೆ ಇವರು ಇರಲೇ ಇಲ್ಲ! ಸದ್ದನ್ನು ಬೆಳಕಿಗಿಂತ ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ಮುಂಚೆ ಕಳಿಸಿದರಷ್ಟೇ ಇವರು ‘ಒಟ್ಟಿಗೆ’ ಎನ್ನುತ್ತಿದ್ದರು. ಒಬ್ಬಿಬ್ಬರಲ್ಲ, ಇಪ್ಪತ್ತನಾಲ್ಕು ಜನವೂ. ಸುತ್ತಿಗೆಯ ಕೆಲಸ ಮನುಷ್ಯನ ಕಣ್ಣು ಕಿವಿಗಳ ಹೊಂದಾಣಿಕೆಯನ್ನೇ ಬದಲಾಯಿಸಿದೆ ಎಂದಳು. ಅವಳ ಮಾರ್ಗದರ್ಶಕಿ ಶರಣ್ಯಾ ಮೇಡಂ ಮೂರು ಸಲ ಓದಿ, ಮೈಸೂರಿನ ದೊಡ್ಡ ವಿಚಾರಗೋಷ್ಠಿಯಲ್ಲಿ ಶನಿವಾರ ನೀನೇ ಮಾತಾಡು ಎಂದರು. ಸಾಹೇಬರು ಶಿರಾದ ಬಸ್ ಸ್ಟ್ಯಾಂಡಿನಿಂದ ಮಸೀದಿಯ ಬೀದಿಯವರೆಗೆ ಜಹಾಂಗೀರು ಹಂಚಿದರು. ಗೋಷ್ಠಿಗೆ ತಾವೂ ಹೋಗುವುದೆಂದು ಹೊಸ ಶರ್ಟು ಹೊಲಿಸಿದರು.

ಗುರುವಾರ ಅಪ್ಪ ಮಗಳು ಮತ್ತೆ ಆ ಊರಿಗೆ ಹೋದರು. ಮೈಸೂರಿನವರಿಗೆ ಹೇಳುವ ಮೊದಲು ಗುಂಡಿ ಒತ್ತಿದವರಿಗೆ ವಿಷಯ ತಿಳಿಸಬೇಕು, ಗೋಷ್ಠಿಯಲ್ಲಿ ತೋರಿಸಲು ಒಂದು ವಿಡಿಯೋ ತೆಗೆಯಬೇಕು ಎಂದು ಐಮನ್‌ಳ ಆಸೆ. ಕಂಪ್ಯೂಟರು, ಮಗಳ ಕೆಲಸಕ್ಕೆಂದೇ ಅವತ್ತಿನಿಂದ ಸಾಹೇಬರು ಬೇರೆಲ್ಲಿಗೂ ಕಳಿಸದೆ ಇಟ್ಟಿದ್ದ ಪೆಟ್ಟಿಗೆ, ಎಲ್ಲವನ್ನೂ ಮೊದಲಿನಂತೆಯೇ ಜೋಡಿಸಿದಳು. ಅಷ್ಟರಲ್ಲಿ ಬಾಗಿಲಲ್ಲಿ ಕಾಣಿಸಿಕೊಂಡರು ಚಿಕ್ಕನರಸಯ್ಯ. ಎಪ್ಪತ್ತು ದಾಟಿದ ವಯಸ್ಸು, ಉಳಿಯ ಹಿಡಿಯಂಥ ಬೆರಳುಗಳು. ಮಗಳ ಬಾಣಂತನಕ್ಕೆಂದು ಹೆಂಡತಿ ಓಬಳಮ್ಮನ ಜೊತೆ ಮೂರು ತಿಂಗಳು ಪಾವಗಡದಲ್ಲಿದ್ದು ಅದೇ ವಾರ ವಾಪಸಾಗಿದ್ದರು.

“ಊರೋರೆಲ್ಲ ಗುಂಡಿ ಒತ್ತವ್ರಂತೆ. ನಾನೊಬ್ನೇ ಒತ್ತಿಲ್ಲ. ನಂಗೇನು ಕೈ ಇಲ್ವೇ?” ಎಂದರು.

“ಬನ್ನಿ ತಾತ, ನೀವೇ ವಿಡಿಯೋದ ಹೀರೋ” ಎಂದು ಐಮನ್ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಮೊದಲಿಗೆ ಚುಕ್ಕೆ ಸದ್ದು ಎರಡೂ ಒಟ್ಟಿಗೇ ಹೊರಡುವಂತೆ ಇಟ್ಟಳು. ಚುಕ್ಕೆ ಮಿಂಚಿತು, ಟಕ್ ಎಂದಿತು. ಮತ್ತೆ ಮಿಂಚಿತು, ಟಕ್ ಎಂದಿತು. ಚಿಕ್ಕನರಸಯ್ಯ ಗುಂಡಿ ಒತ್ತಲಿಲ್ಲ. ತಲೆಯನ್ನು ಓರೆ ಮಾಡಿ, ಬಾಗಿಲ ಆಚೆಗೆ ನೋಡಿದರು.

“ಏನ್ ತಾಯಿ, ಬೆಳಕು ಇಲ್ಲೇ ಹೊಡೀತೈತೆ, ಸದ್ದು ಮಾತ್ರ ಆಚೆಯಿಂದ ಬತ್ತೈತಲ್ಲ?”

“ಇಲ್ಲ ತಾತ, ಸದ್ದು ಈ ಬಾಕ್ಸಿಂದಾನೇ ಬರೋದು.”

“ಬಾಕ್ಸಿಂದ ಬತ್ತೈತೆ ಅಂತ ನಂಗೂ ಗೊತ್ತಾಯ್ತೈತೆ ಕಣಮ್ಮ. ಆದ್ರೆ ಕಲ್ಲು ಹೊಡೆಯೋನು ಇಲ್ಲಿ ಕೂತಿಲ್ಲ. ಅಗೋ, ಆ ಹುಣಸೆಮರದ ತಾವು ಕೂತವ್ನೆ. ನೂರಡಿ. ಬೇಕಾದ್ರೆ ಅಳ್ಕೊಂಡ್ ಬಾ.”

ಐಮನ್ ಖುಷಿಯಿಂದ ಚಪ್ಪಾಳೆಯನ್ನೇ ತಟ್ಟಿದಳು. “ಅದು ಹೆಂಗೆ ಹೇಳ್ತೀರಿ ತಾತ?”

“ಹೆಂಗೆ ಅಂದ್ರೆ? ನಮ್ಮಪ್ಪ ಬಂಡೆ ಮ್ಯಾಲೆ ಕೆಲ್ಸ ಮಾಡೋನು. ನಾನು ಬುತ್ತಿ ಹೊತ್ಕೊಂಡು ಹೋಗೋನು. ಬೋಳು ಬಂಡೆ, ಬಿಸ್ಲು ಕಣ್ಣಿಗೆ ಹೊಡೀತೈತೆ, ಎಷ್ಟು ದೂರ ಅಂತ ಗೊತ್ತಾಗಾಕಿಲ್ಲ. ಅಪ್ಪನ ಸುತ್ತಿಗೆ ಕೆಳಕ್ಕೆ ಬೀಳೋದು ಕಾಣೋದು, ಟಕ್ ಅನ್ನೋದು ಆಮ್ಯಾಲೆ ಬರೋದು. ತಡ ಆಗಿ ಬಂದ್ರೆ ಇನ್ನೂ ಭಾಳ ಹತ್ತಬೇಕು, ಮುದ್ದೆ ತಣ್ಣಗಾಯ್ತೈತೆ, ಓಡಬೇಕು. ಬಿರ್ರನೆ ಬಂದ್ರೆ ಸಮೀಪ ಐತೆ, ನಿಂತ್ಕೊಂಡು ಒಂದಿಷ್ಟು ಕಾರೆಹಣ್ಣು ತಿನ್ನಬೋದು. ಈ ಊರಾಗೆ ಎಲ್ರೂ ಇಂಗೇ ಕಲ್ತಿರೋದು.”

ಐಮನ್ ವಿಡಿಯೋ ತೆಗೆಯುತ್ತಲೇ ಇದ್ದಳು. ತನ್ನ ಸಂಶೋಧನೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ! ಆದರೆ ಗೋಡೆಗೊರಗಿ ನಿಂತಿದ್ದ ನಿಯಾಜ್ ಸಾಹೇಬರು ಥಟ್ಟನೆ ಬಾಗಿಲಿಗೆ ಬಂದರು. ಅವರು ಹುಣಸೆಮರವನ್ನು ನೋಡಿದರು. ಮೂವತ್ತು ವರ್ಷ ವೈರು ಎಳೆದ ಕಣ್ಣು, ಟೇಪು ಬೇಕಾಗಲಿಲ್ಲ. ಮರ ಸರಿಯಾಗಿ ನೂರಡಿ ದೂರದಲ್ಲಿತ್ತು. ನೂರಡಿ ಎಂಬ ಆ ಅಳತೆಯನ್ನು ಕೆಲವೇ ತಿಂಗಳ ಹಿಂದೆ ಅವರೇ ಕೈಯಾರೆ ಒತ್ತಿದ್ದರು.

ಕೊರಟಗೆರೆಯ ಆ ಮೈದಾನದಲ್ಲಿ ವೇದಿಕೆಯ ಮುಂದೆ ಎರಡು ಪೆಟ್ಟಿಗೆ, ನೂರಡಿ ಹಿಂದೆ ಇದೊಂದು ಪೆಟ್ಟಿಗೆ ಇಟ್ಟಿದ್ದರು. ತಂತಿಯಲ್ಲಿ ಹರಿಯುವ ಮಾತು ಹಿಂದಿನ ಪೆಟ್ಟಿಗೆಗೆ ಕಣ್ಣು ಮಿಟುಕಿಸುವುದರೊಳಗೆ ಬಂದುಬಿಡುತ್ತದೆ. ಮುಂದಿನ ಪೆಟ್ಟಿಗೆಯಿಂದ ಗಾಳಿಯಲ್ಲಿ ನಡೆದು ಬರುವ ಮಾತು ಆಗ ಇನ್ನೂ ದಾರಿಯಲ್ಲಿರುತ್ತದೆ. ಹಾಗೇ ಬಿಟ್ಟರೆ ಹಿಂದೆ ಕೂತವರಿಗೆ ಒಂದೊಂದು ಮಾತೂ ಎರಡೆರಡು ಸಲ ಕೇಳುತ್ತದೆ. ಅದಕ್ಕೇ ಪೆಟ್ಟಿಗೆಯ ಬೆನ್ನಿನಲ್ಲಿ ಒಂದು ಗುಂಡಿ. ಎಷ್ಟು ಅಡಿ ಹಿಂದಿದೆಯೋ ಅಷ್ಟನ್ನು ಒತ್ತಿದರೆ, ಪೆಟ್ಟಿಗೆ ಅಷ್ಟು ಹೊತ್ತು ಮಾತನ್ನು ಬಾಯಲ್ಲೇ ಇಟ್ಟುಕೊಂಡಿದ್ದು ಆಮೇಲೆ ಹೊರಗೆ ಬಿಡುತ್ತದೆ. ಕರೆಂಟು ತೆಗೆದರೂ ಅದು ಮರೆಯುವುದಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಪೆಟ್ಟಿಗೆ ಒರೆಸಬೇಕು, ಗುಂಡಿಯನ್ನು ಸೊನ್ನೆಗೆ ತರಬೇಕು. ಇದು ಸಾಹೇಬರೇ ಮಾಡಿದ ಕಾನೂನು. ಮಗಳ ಫೋನು ಬಂದ ಬೆಳಿಗ್ಗೆ ಆ ಸಂಭ್ರಮದಲ್ಲಿ ಪೆಟ್ಟಿಗೆಯನ್ನು ಕನ್ನಡಿಯ ಹಾಗೆ ಒರೆಸಿದ್ದರು. ಸೊನ್ನೆಗೆ ತಂದಿದ್ದರೇ?

ವೈರು ಸರಿಮಾಡುವವರಂತೆ ಪೆಟ್ಟಿಗೆಯ ಹಿಂದೆ ಹೋಗಿ ಬಗ್ಗಿದರು. ಪುಟ್ಟ ಕಿಟಕಿಯಲ್ಲಿ ಹಸಿರು ಅಕ್ಷರಗಳು ಹೊಳೆಯುತ್ತಿದ್ದವು. ನೂರು ಅಡಿ.

ಹಾಗಾದರೆ ಕಲ್ಲುಕುಟಿಗರ ಕಿವಿ ಬೇರೆ ಇಲ್ಲ, ತಮ್ಮ ಪೆಟ್ಟಿಗೆ ತಡ. ಮೇಡಂ ಮೂರು ಸಲ ಓದಿದ್ದು, ಮಗಳು ಕುಣಿದದ್ದು, ತಾವು ಬೀದಿಯುದ್ದಕ್ಕೂ ಹಂಚಿದ ಜಹಾಂಗೀರು, ಎಲ್ಲವೂ ಈ ಒಂದು ಗುಂಡಿಯ ಆಟ. ಶನಿವಾರಕ್ಕೆ ಉಳಿದದ್ದು ಎರಡೇ ದಿನ. ಅವರು ಒಳ್ಳೆಯ ಮನುಷ್ಯರೇ, ಸಂಶಯವಿಲ್ಲ. ಆದರೆ ಆ ಗಳಿಗೆಯಲ್ಲಿ ಒಳ್ಳೆಯ ಮನುಷ್ಯ ಮಾಡಬಾರದ್ದನ್ನು ಮಾಡಿದರು. ಯಾರಿಗೂ ಕಾಣದಂತೆ ಗುಂಡಿಯನ್ನು ಒತ್ತುತ್ತಾ ಒತ್ತುತ್ತಾ ಸೊನ್ನೆಗೆ ತಂದು ಎದ್ದು ನಿಂತರು. ಮೊದಲು ಶನಿವಾರ ಕಳೆಯಲಿ, ಆಮೇಲೆ ನೋಡೋಣ ಎಂದುಕೊಂಡರು.

ಚುಕ್ಕೆ ಮಿಂಚಿತು. ಟಕ್.

“ಅರೆರೆ!” ಚಿಕ್ಕನರಸಯ್ಯ ಕುರ್ಚಿಯಿಂದ ಅರ್ಧ ಎದ್ದರು. “ಆವಯ್ಯ ಎದ್ದು ಒಳಕ್ಕೆ ಬಂದ್ಬುಟ್ಟ ಕಣಮ್ಮ! ಈಗ ನನ್ ಪಕ್ಕದಾಗೇ ಕೂತವ್ನೆ!”

ಐಮನ್ ಮೊಬೈಲು ಕೆಳಗಿಳಿಸಿದಳು. ಪರದೆ ನೋಡಿದಳು, ಪೆಟ್ಟಿಗೆ ನೋಡಿದಳು, ಕೊನೆಗೆ ಪೆಟ್ಟಿಗೆಯ ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ಅಪ್ಪನನ್ನು ನೋಡಿದಳು.

“ಅಬ್ಬಾ, ಏನ್ ಮಾಡಿದ್ರಿ?”

‘ಲೂಸ್ ಕನೆಕ್ಷನ್ ಬೇಟಾ’ ಎಂಬ ಮಾತು ಸಾಹೇಬರ ನಾಲಿಗೆಯ ತುದಿಯಲ್ಲೇ ಇತ್ತು. ಎಷ್ಟು ಮದುವೆ ಮನೆಗಳಲ್ಲಿ, ಎಷ್ಟು ಗಂಡಿನ ಕಡೆಯವರಿಗೆ ಆ ಮಾತು ಹೇಳಿ ಪಾರಾಗಿದ್ದರೋ ದೇವರಿಗೇ ಗೊತ್ತು. ಆದರೆ ಕೂದಲೆಳೆಯಷ್ಟು ವ್ಯತ್ಯಾಸಕ್ಕಾಗಿ ಆರು ಸಲ ಅಳೆಯುವ ಈ ಹುಡುಗಿ, ಎರಡನೇ ಮಾತಿಲ್ಲದೆ ಅದನ್ನು ನಂಬುತ್ತಾಳೆ ಎಂದು ಅವರಿಗೆ ಗೊತ್ತಿತ್ತು. ಅದೇ ಕಷ್ಟವಾಯಿತು.

“ನೂರಡಿಗೆ ಇತ್ತು ಬೇಟಾ” ಎಂದರು. “ಕೊರಟಗೆರೆಯಿಂದ ಬಂದಾಗಿಂದಾನೂ. ನಾನು ಸೊನ್ನೆಗೆ ತರೋದು ಮರ್ತಿದ್ದೆ. ಈಗ ನಿಂಗೆ ಕಾಣದ ಹಾಗೆ ತಂದೆ.”

ಐಮನ್ ಬ್ಯಾಗು ತೆಗೆದಳು. ಬೆಳಕು ಹಿಡಿಯುವ ಪುಟ್ಟ ಕಣ್ಣು, ಸದ್ದು ಹಿಡಿಯುವ ಪುಟ್ಟ ಮೈಕು ಇಷ್ಟು ದಿನವೂ ಅದರಲ್ಲೇ ಬೆಚ್ಚಗೆ ಕೂತಿದ್ದವು. ಒಂದನ್ನು ಪರದೆಗೆ ಅಂಟಿಸಿ ಇನ್ನೊಂದನ್ನು ಪೆಟ್ಟಿಗೆಯ ಬಾಯಿಗೆ ಹಿಡಿದಳು. “ನೂರಕ್ಕೆ ಇಡಿ” ಎಂದಳು. ಇಟ್ಟರು. ಬೆಳಕಿನ ಹಿಂದೆ ಸದ್ದು ಸೆಕೆಂಡಿನ ಸಾವಿರದಲ್ಲಿ ಎಂಬತ್ತೊಂಬತ್ತು ಪಾಲು ತಡ. “ಸೊನ್ನೆಗೆ ತನ್ನಿ” ಎಂದಳು. ತಂದರು. ಎರಡೇ ಪಾಲು. ಇಪ್ಪತ್ತನಾಲ್ಕು ಜನರ ಫಲಿತಾಂಶದಿಂದ ಆ ಎಂಬತ್ತೊಂಬತ್ತನ್ನು ಕಳೆದಾಗ ಮಧುಗಿರಿಯ ಕಲ್ಲುಕುಟಿಗರು ಮೈಸೂರಿನ ಕಾಲೇಜು ಹುಡುಗರ ಪಕ್ಕದಲ್ಲೇ ಹೋಗಿ ಕೂತರು. ವಿಶೇಷ ಏನೂ ಉಳಿಯಲಿಲ್ಲ.

ಅವಳು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಸಾಹೇಬರು ಹಿಂದೆಯೇ ಹೋಗಿ ಒಂದು ಮೆಟ್ಟಿಲು ಕೆಳಗೆ ಕೂತರು.

“ಬೈದುಬಿಡು ಬೇಟಾ.”

“ನಿಮ್ಮನ್ನ ಯಾಕೆ ಬೈಯಲಿ? ಪರದೆನ ನಂಬಲಿಲ್ಲ, ಆರು ಸಲ ಅಳೆದೆ. ಕಂಪ್ಯೂಟರ್ ನಂಬಲಿಲ್ಲ. ಆ ಸಣ್ಣ ಸ್ಪೀಕರನ್ನೂ ನಂಬಲಿಲ್ಲ. ಈ ಬಾಕ್ಸ್ ಒಂದನ್ನ ಅಳೀಲಿಲ್ಲ. ಯಾಕೆ ಗೊತ್ತಾ? ನಿಮ್ಮದು ಅಂತ.”

ಬೈದಿದ್ದರೆ ಸಾಹೇಬರಿಗೆ ಎಷ್ಟೋ ಹಗುರವಾಗುತ್ತಿತ್ತು. ಮೂವತ್ತು ವರ್ಷದ ಹೆಸರೆಲ್ಲ ಸೇರಿ ಮಗಳ ಕಣ್ಣು ಕಟ್ಟಿತಲ್ಲ ಎಂದು ಅವರಿಗೆ ಅಳು ಬಂತು. ಅತ್ತರು ಕೂಡ, ಸ್ವಲ್ಪ. ಐಮನ್ ತನ್ನ ದುಪಟ್ಟದ ತುದಿಯನ್ನು ಅವರ ಕೈಗೆ ಕೊಟ್ಟು, ಮೈಸೂರಿಗೆ ಫೋನು ಹಚ್ಚಿದಳು. ಶರಣ್ಯಾ ಮೇಡಂ ಪೂರ್ತಿ ಕೇಳಿಸಿಕೊಂಡರು.

“ಇದನ್ನ ಕಂಡುಹಿಡಿದಿದ್ದು ಯಾರು?” ಎಂದರು.

“ಇಲ್ಲಿನ ಒಬ್ಬರು ತಾತ, ಮೇಡಂ. ಬರೀ ಕಿವಿಯಲ್ಲೇ ಕೇಳಿ ಹೇಳಿದ್ರು. ನೂರಡಿ ಅಂತ.”

“ಕಿವಿಯಲ್ಲೇ?” ಮೇಡಂ ನಕ್ಕ ಸದ್ದು ಸಾಹೇಬರಿಗೂ ಕೇಳಿಸಿತು. “ಮಿಕ್ಕ ಇಪ್ಪತ್ತನಾಲ್ಕು ಜನಕ್ಕೆ ಇದು ಗೊತ್ತಾಗಲಿಲ್ವಾ? ಅವರನ್ನ ನೀನು ಏನಂತ ಕೇಳಿದ್ದೆ, ನೆನಪು ಮಾಡ್ಕೋ.”

ಐಮನ್ ಒಳಗೆ ಬಂದು ಅದನ್ನೇ ಕೇಳಿದಾಗ ಚಿಕ್ಕನರಸಯ್ಯ ಕೈ ಕೊಡವಿದರು. “ಗೊತ್ತಾಗ್ದೆ ಏನಮ್ಮ? ನಮ್ಮ ರಂಗಯ್ಯ, ಅವ್ನೂ ಗುಂಡಿ ಒತ್ತಿದೋನೇ, ಅವತ್ತೇ ಫೋನಾಗೆ ಹೇಳ್ದ, ಸದ್ದು ಹೊರಗಿಂದ ಬರೋ ಹಂಗೆ ಮಾಡವ್ರೆ ಅಂತ. ನೀನು ಒಟ್ಟಿಗೆ ಬಂತಾ ಇಲ್ವಾ ಅಂತ ಕೇಳ್ದೆ, ಅವ್ರು ಗುಂಡಿ ಒತ್ತುದ್ರು. ಎಷ್ಟು ದೂರ ಅಂತ ನೀನು ಕೇಳ್ಳೇ ಇಲ್ವಲ್ಲ. ಓದಿರೋ ಹುಡುಗಿ ಏನೋ ಲೆಕ್ಕ ಇಟ್ಕೊಂಡಿರ್ತಾಳೆ, ನಾವ್ಯಾಕೆ ಬಾಯಿ ಹಾಕೋದು ಅಂತ ಸುಮ್ಕಿದ್ರು.”

ಐಮನ್ ಅವರನ್ನೇ ನೋಡುತ್ತಾ ನಿಂತಳು. ಅವಳ ಮುಖದಲ್ಲಿ ಬೆಳಗಿನ ಕಳೆ ನಿಧಾನವಾಗಿ ವಾಪಸು ಬರುವುದನ್ನು ಸಾಹೇಬರು ಕಂಡರು. “ಅಬ್ಬಾ” ಎಂದಳು, “ಒಂದು ಬೆಡ್‌ಶೀಟ್ ಸಿಗುತ್ತಾ?”

ಓಬಳಮ್ಮ ಮನೆಯಿಂದ ಬೆಡ್‌ಶೀಟು ತಂದರು, ಜೊತೆಗೆ ಒಂದು ಫ್ಲಾಸ್ಕು ಚಹಾ. ಅವರ ಹಿಂದೆ ಅರ್ಧ ಊರೇ ಬಂತು. ಪೆಟ್ಟಿಗೆಯ ಬೆನ್ನಿಗೆ ಮರೆ ಕಟ್ಟಿ, ಒಳಗೆ ಸಾಹೇಬರು ಗುಂಡಿ ಹಿಡಿದು ಕೂತರು. ಐಮನ್ ಅಡಿಗಳನ್ನು ಚೀಟಿಯಲ್ಲಿ ಬರೆದು ಕೊಡುವುದು, ಸಾಹೇಬರು ಒತ್ತುವುದು, ಚಿಕ್ಕನರಸಯ್ಯ ಹೇಳುವುದು. ಚೀಟಿಯಲ್ಲಿ ಎಂಬತ್ತು. “ಮರದಿಂದ ಈಚೆಗೆ ಬಂದ. ಎಂಬತ್ತು ತೊಂಬತ್ತು ಇರ್ಬೋದು.” ಚೀಟಿಯಲ್ಲಿ ಸೊನ್ನೆ. “ಒಳಗವ್ನೆ.” ಚೀಟಿಯಲ್ಲಿ ಅರವತ್ತು. “ಅರವತ್ತು.” ಜನ ಹೋ ಎಂದರು. ಚೀಟಿಯಲ್ಲಿ ಮೂವತ್ತು ಇದ್ದಾಗ ಐವತ್ತು ಎಂದುಬಿಟ್ಟರು.

“ತಪ್ಪು” ಎಂದು ಬೆಡ್‌ಶೀಟಿನ ಹಿಂದಿನಿಂದ ಸಾಹೇಬರು ಕೂಗಿದರು. ಬೆಳಗಿನಿಂದ ಆದ ಅವಮಾನದಲ್ಲಿ ಅದೊಂದೇ ಅವರಿಗೆ ಸಿಕ್ಕ ಸಮಾಧಾನ.

“ಗಾಳಿ ತಿರುಗೈತೆ ಸಾಬ್ರೆ” ಎಂದರು ಚಿಕ್ಕನರಸಯ್ಯ, ಕಿಟಕಿಗಳೆಲ್ಲ ಮುಚ್ಚಿದ್ದ ಭವನದಲ್ಲಿ ಕೂತು.

“ಒಬ್ಬರು ಒಂದು ಮಧ್ಯಾಹ್ನ ಹೇಳಿದ್ದು ಫಲಿತಾಂಶ ಆಗಲ್ಲ” ಎಂದು ಐಮನ್ ಎಲ್ಲರಿಗೂ ಎಚ್ಚರಿಕೆ ಕೊಟ್ಟಳು. ಆದರೆ ಕೊಡುವಾಗ ಅವಳ ಬಾಯಿ ಕಿವಿಯವರೆಗೆ ಹೋಗಿತ್ತು.

ಶನಿವಾರ ಮೈಸೂರಿನ ಸಭಾಂಗಣದಲ್ಲಿ ಸಾಹೇಬರು ಹೊಸ ಶರ್ಟು ತೊಟ್ಟು ಕೊನೆಯ ಸಾಲಿನಲ್ಲಿ ಕೂತಿದ್ದರು. ಅಲ್ಲಿನ ಮೈಕು ಎರಡು ಸಲ ‘ಕುಂಯ್’ ಎಂದಿತು. ಎದ್ದು ಹೋಗಿ ಸರಿಮಾಡಬಾರದೆಂದು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು. ಐಮನ್ ಬಂದು ನಿಂತಳು.

“ನಾನು ಹೇಳಬೇಕೆಂದಿದ್ದ ವಿಷಯ ಗುರುವಾರ ಸುಳ್ಳಾಯಿತು. ಅದು ಹೇಗೆ ಸುಳ್ಳಾಯಿತೆಂದು ಹೇಳುತ್ತೇನೆ” ಎಂದು ಶುರು ಮಾಡಿದಳು. ಪೆಟ್ಟಿಗೆಯ ಬೆನ್ನಿನ ಚಿತ್ರ ಪರದೆಯ ಮೇಲೆ ಬಂದಾಗ ಸಾಹೇಬರು ತಲೆ ತಗ್ಗಿಸಿದರು. “ಪೆಟ್ಟಿಗೆ ನನ್ನ ತಂದೆಯವರದು. ಅವರ ಕೆಲಸಕ್ಕೆ ಅದು ಸರಿಯಾಗಿಯೇ ಇತ್ತು. ನನ್ನ ಕೆಲಸಕ್ಕೆ ಅದನ್ನು ಅಳೆಯದೆ ಬಿಟ್ಟವಳು ನಾನು” ಎಂದಳು ಮಗಳು. ಸಭೆ ನಕ್ಕಿತು, ಆಮೇಲೆ ಚಪ್ಪಾಳೆ ತಟ್ಟಿತು. ಚಹಾದ ಹೊತ್ತಿಗೆ ಮೂವರು ಪ್ರೊಫೆಸರುಗಳು ಒಬ್ಬರಿಗೊಬ್ಬರು ಕಾಣದಂತೆ ಬಂದು, ತಮ್ಮ ಸ್ಪೀಕರನ್ನು ಅಳೆಯುವುದು ಹೇಗೆ ಎಂದು ಅವಳ ಕಿವಿಯಲ್ಲಿ ಕೇಳಿ ಹೋದರು.

ಒಂದು ತಿಂಗಳ ನಂತರ ಎಲ್ಲ ಹೊಸದಾಗಿ ಶುರುವಾಯಿತು. ಅದೇ ಭವನ, ಅದೇ ಪೆಟ್ಟಿಗೆ, ಹೊಸ ಪ್ರಶ್ನೆ. ‘ಎಷ್ಟು ದೂರ?’ ಎದುರಿಗೆ ಸಾಲಾಗಿ ಕಲ್ಲುಕುಟಿಗರು, ಮುಂದಿನ ಕುರ್ಚಿಯಲ್ಲಿ ಮೇಸ್ತ್ರಿಯ ಗತ್ತಿನಲ್ಲಿ ಚಿಕ್ಕನರಸಯ್ಯ. ಸಾಹೇಬರು ಪೆಟ್ಟಿಗೆ ಇಳಿಸಿ ವೈರು ಸಿಕ್ಕಿಸಲು ಹೋದರು.

“ಕೈ ತೆಗೀರಿ ಅಬ್ಬಾ. ಮೊದಲು ಅಳೀಬೇಕು.”

ಊರವರೆಲ್ಲರ ಎದುರಿಗೆ ಮಗಳು ಅವರನ್ನು ಪಕ್ಕಕ್ಕೆ ನಿಲ್ಲಿಸಿ ಅವರ ಪೆಟ್ಟಿಗೆಯನ್ನು ಅಳೆದಳು. ಒಂದಲ್ಲ, ಆರು ಸಲ. ಎರಡು, ಎರಡು, ಎರಡು. ನೋಟ್‌ಬುಕ್ಕಿನಲ್ಲಿ ಬರೆದು ‘ಅಳೆದವರು’ ಎಂಬಲ್ಲಿ ತನ್ನ ಸಹಿ ಹಾಕಿ, ‘ಪೆಟ್ಟಿಗೆ ತಂದವರು’ ಎಂಬಲ್ಲಿ ಬೆರಳಿಟ್ಟು ಪೆನ್ನನ್ನು ಅವರಿಗೆ ಚಾಚಿದಳು. ಮೂವತ್ತು ವರ್ಷದಲ್ಲಿ ಅವರನ್ನು ಹೀಗೆ ಅನುಮಾನಿಸಿದವರು ಇನ್ನೊಬ್ಬರಿಲ್ಲ. ಸಾಹೇಬರಿಗೆ ಯಾಕೋ ಎದೆ ತುಂಬಿ ಬಂತು.

ಪೆನ್ನು ತೆಗೆದುಕೊಂಡರು. ಸಹಿ ಮಾಡುವ ಮೊದಲು ಕನ್ನಡಕ ಹಾಕಿಕೊಂಡು ಪೆಟ್ಟಿಗೆಯ ಹಿಂದೆ ಹೋಗಿ, ಬಗ್ಗಿ ಇನ್ನೊಮ್ಮೆ ನೋಡಿದರು. ಐಮನ್ ನಗಲಿಲ್ಲ, ಕಾದಳು. ಸೊನ್ನೆಯೇ ಇತ್ತು. ಬಂದು ಸಹಿ ಹಾಕಿದರು.